ಧ್ವನಿಶಿಕ್ಷಕರ ಶಿಕ್ಷಣ: ಕನ್ನಡ ರಂಗಭೂಮಿಯ ಚರಿತ್ರೆಯಿಂದ ಒಂದು ವಿವೇಚನೆ

೧

ನಾಟಕವನ್ನು ನಮ್ಮ ಪ್ರಾಚೀನ ಲಾಕ್ಷಣಿಕರು ದೃಶ್ಯಕಾವ್ಯವೆಂದು ಕರೆದರು. ಆದರೆ ನಾಟ್ಯಶಾಸ್ತ್ರದ ಕರ್ತೃವಾದ ಭರತನು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ಬಗೆಯಾಗಿ ವಿಭಾಗಿಸಿ, ಅವುಗಳಲ್ಲಿ ಮಾತನ್ನೇ ನಾಟ್ಯದ ಶರೀರವೆಂದು ಹೇಳಿ, ಅದರಲ್ಲಿ ವಿಶೇಷ ಯತ್ನವಿರಬೇಕೆಂದು ವಿಧಿಸಿದ್ದಾನೆ. ನಟನ ವೇಷವೂ ಚಲನೆಯೂ ಪ್ರೇಕ್ಷಕನಿಗೆ ಕಾಣಿಸಲು ದೀಪವಿದ್ದರೆ ಸಾಕು. ಅವನ ಮಾತು ಕೇಳಿಸಬೇಕಾದರೆ ಅವನ ಉಸಿರೇ ದುಡಿಯಬೇಕು. ಈ ಉಸಿರಿನ ದುಡಿಮೆಯನ್ನು ಕನ್ನಡ ನಾಡಿನಲ್ಲಿ ಯಾರು ಕಲಿಸುತ್ತ ಬಂದರು, ಹೇಗೆ ಕಲಿಸಿದರು, ಕಲಿಸುವವರನ್ನು ತಯಾರಿಸುವ ಏರ್ಪಾಡು ನಮ್ಮಲ್ಲಿ ಏಕೆ ಬೆಳೆಯಲಿಲ್ಲ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ಇಲ್ಲಿ 'ಧ್ವನಿ' ಎಂಬ ಮಾತನ್ನು ಆಲಂಕಾರಿಕರು ಹೇಳುವ ವ್ಯಂಗ್ಯಾರ್ಥದಲ್ಲಿ ಬಳಸಿಲ್ಲವೆಂದೂ, ಕಂಠದಿಂದ ಹೊರಡುವ ನಾದವೆಂಬ ಸಾಮಾನ್ಯಾರ್ಥದಲ್ಲಿಯೇ ಬಳಸಿದೆಯೆಂದೂ ವಾಚಕರು ಗ್ರಹಿಸಬೇಕು.

ಈ ವಿಚಾರವು ಲೇಖಕನ ಮನಸ್ಸಿಗೆ ಬಂದುದು ಗ್ರಂಥಾಲಯದಲ್ಲಲ್ಲ, ಮಹದೇವಪುರದ ಕಡೆಯ ಒಂದು ಕಾಲೇಜಿನಲ್ಲಿ ನಾಟಕದ ಅಭ್ಯಾಸ ನಡೆಯುತ್ತಿದ್ದಾಗ. ಸಭಾಂಗಣದ ಪಕ್ಕದಲ್ಲಿಯೇ ಹೆದ್ದಾರಿ. ರಾಜನ ಪಾತ್ರವನ್ನು ವಹಿಸಿದ್ದ ವಿದ್ಯಾರ್ಥಿಯು ಒಳ್ಳೆಯ ಕಂಠವುಳ್ಳವನು, ಬುದ್ಧಿವಂತ. ಅವನು "ನಿನ್ನನ್ನು ನಾನು ಕೊಲ್ಲುವುದಿಲ್ಲ" ಎಂದು ಹೇಳಬೇಕಾಗಿತ್ತು. ಹಿಂದಿನ ಸಾಲಿನಲ್ಲಿ ಕುಳಿತಿದ್ದವರಿಗೆ ಕೇಳಿಸಿದುದು 'ಕೊಲ್ಲುವು' ಎಂಬವರೆಗೆ ಮಾತ್ರ. ಕೊನೆಯ 'ಇಲ್ಲ' ವಾಹನಗಳ ಸದ್ದಿನಲ್ಲಿ ಮುಳುಗಿಹೋಯಿತು. ರಾಜನ ಕರುಣೆಯು ಕ್ರೌರ್ಯವಾಗಿ ಪರಿಣಮಿಸಿತು. ಗಟ್ಟಿಯಾಗಿ ಹೇಳೆಂದು ನಾವು ಅಧ್ಯಾಪಕರು ಆಜ್ಞಾಪಿಸಿದೆವು. ಅವನು ಕೂಗಿದನು, ಮೂರನೆಯ ದಿನ ಅವನ ಗಂಟಲು ಕಟ್ಟಿತು. "ಏನು ಮಾಡಲಿ ಸಾರ್?" ಎಂದು ಪಿಸುಮಾತಿನಲ್ಲಿ ಕೇಳಿದ ಅವನಿಗೆ ಮೆಣಸು ಕಲ್ಲುಸಕ್ಕರೆಗಳ ಕಷಾಯವನ್ನು ಹೇಳಲು ನಮಗೆ ತಿಳಿದಿತ್ತೇ ಹೊರತು, ಕೂಗದೆ ಕೇಳಿಸುವುದು ಹೇಗೆಂದು ಹೇಳಲು ತಿಳಿದಿರಲಿಲ್ಲ. ಇತಿಹಾಸವನ್ನು ಬೋಧಿಸುವವನಿಗೆ ಈ ಅಜ್ಞಾನದ ಚರಿತ್ರೆಯನ್ನು ತಿಳಿಯಬೇಕೆಂಬ ಕುತೂಹಲವುಂಟಾದುದು ಸಹಜ.

೨

ಮೊದಲು ಧ್ವನಿಯ ಉತ್ಪತ್ತಿಯನ್ನು ಸಂಗ್ರಹವಾಗಿ ನೋಡೋಣ. ಶ್ವಾಸಕೋಶದಿಂದ ಹೊರಬರುವ ಗಾಳಿಯು ಗಂಟಲಿನ ಧ್ವನಿಪೆಟ್ಟಿಗೆಯಲ್ಲಿರುವ ಎರಡು ಸಣ್ಣ ಮಡಿಕೆಗಳನ್ನು ಕಂಪಿಸುತ್ತದೆ. ಇವನ್ನು ಧ್ವನಿತಂತುಗಳೆಂದು ಕರೆಯುವುದು ರೂಢಿ. ಸಾಮಾನ್ಯ ಮಾತುಕತೆಯಲ್ಲಿ ಇವು ಪುರುಷರಲ್ಲಿ ಸೆಕೆಂಡಿಗೆ ಸುಮಾರು ೧೦೦ರಿಂದ ೧೩೦ ಬಾರಿಯೂ, ಸ್ತ್ರೀಯರಲ್ಲಿ ಸುಮಾರು ೨೦೦ ಬಾರಿಯೂ ಕಂಪಿಸುತ್ತವೆ. ಹೀಗೆ ಹುಟ್ಟಿದ ನಾದವು ಸ್ವತಃ ಕ್ಷೀಣವಾದುದು. ಗಂಟಲು, ಬಾಯಿ, ಮೂಗುಗಳ ಪೊಳ್ಳುಗಳಲ್ಲಿ ಅನುರಣನಗೊಂಡು ಅದು ಪುಷ್ಟಿಯಾಗುತ್ತದೆ. ನಾಲಗೆ, ಹಲ್ಲು, ತುಟಿಗಳ ವ್ಯಾಪಾರದಿಂದ ಅಕ್ಷರಗಳಾಗುತ್ತದೆ. ಉಸಿರಿನ ಆಧಾರವಿಲ್ಲದೆ ಗಂಟಲನ್ನು ಮಾತ್ರ ಬಿಗಿಹಿಡಿದು ಕೂಗುವವನ ಧ್ವನಿತಂತುಗಳು ಒಂದನ್ನೊಂದು ಬಲವಾಗಿ ಘರ್ಷಿಸಿ ಊದಿಕೊಳ್ಳುತ್ತವೆ. ಇದು ಬಹುಕಾಲ ಮುಂದುವರಿದರೆ ಅವುಗಳ ಅಂಚಿನಲ್ಲಿ ಗಂಟುಗಳೇಳುವುದೂ ಉಂಟು. ನಮ್ಮ ವಿದ್ಯಾರ್ಥಿಗೆ ಸಂಭವಿಸಿದುದು ಇದರ ಮೊದಲ ಹಂತ.

ಈ ವಿಷಯದಲ್ಲಿ ನಮ್ಮ ಪೂರ್ವಿಕರು ಉದಾಸೀನರಾಗಿರಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಆರಂಭದಲ್ಲಿಯೇ ಶಬ್ದದ ಹುಟ್ಟನ್ನು ವಿವರಿಸುತ್ತ, ಜೀವನ ಇಚ್ಛೆಯಿಂದ, ಅನುಕೂಲವಾದ ವಾಯುವಿನಿಂದ, ನಾಭಿಯ ಮೂಲದಲ್ಲಿ ಕಹಳೆಯಂತೆ ಶಬ್ದವು ಜನಿಸುವುದೆಂದು ಹೇಳಿದ್ದಾನೆ. ಇಂದಿನ ಶಾರೀರವಿಜ್ಞಾನವು ನಾದದ ಹುಟ್ಟನ್ನು ಗಂಟಲಿನಲ್ಲಿ ಗುರುತಿಸುತ್ತದೆಯಾದರೂ, ಮಾತಿನ ಬಲವು ಹೊಟ್ಟೆಯ ಮತ್ತು ವಪೆಯ ಸ್ನಾಯುಗಳ ಹಿಡಿತದಿಂದ ಬರುವುದೆಂದು ನಟನಿಗೆ ಬೋಧಿಸುವವರು ಈ ಹೋಲಿಕೆಯನ್ನು ಸಂತೋಷದಿಂದ ಒಪ್ಪಿಕೊಂಡಾರು. ಇಚ್ಛೆ, ವಾಯು, ವಾದ್ಯ ಎಂಬ ಮೂರೂ ಅದರಲ್ಲಿ ಅಡಕವಾಗಿವೆ. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯವೆಂಬ ಕ್ರಮದಲ್ಲಿ ಜೋಡಿಸಿದ ನಮ್ಮ ವರ್ಣಮಾಲೆಯೇ ಒಂದು ಉಚ್ಚಾರಣಾಪಾಠವಾಗಿದೆ.

ಭರತನ ವಿವೇಚನೆಯು ಇನ್ನೂ ವಿಸ್ತಾರವಾದುದು. ಎದೆ, ಕಂಠ, ಶಿರಸ್ಸು ಎಂಬ ಮೂರು ಸ್ಥಾನಗಳು. ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ, ವಿಲಂಬಿತವೆಂಬ ಆರು ಪಾಠ್ಯಾಲಂಕಾರಗಳು. ಸಾಕಾಂಕ್ಷ, ನಿರಾಕಾಂಕ್ಷವೆಂಬ ಎರಡು ಕಾಕುಗಳು, ಅಂದರೆ ಅರ್ಥವು ಇನ್ನೂ ಮುಗಿದಿಲ್ಲವೆಂಬುದನ್ನೂ ಮುಗಿಯಿತೆಂಬುದನ್ನೂ ಸೂಚಿಸುವ ಸ್ವರಭೇದಗಳು, ಇವೆಲ್ಲವನ್ನೂ ಅವನು ವಿಂಗಡಿಸಿ, ದೂರದಲ್ಲಿರುವವನನ್ನು ಕರೆಯಲು ಯಾವ ಸ್ಥಾನ, ಹತ್ತಿರದವನೊಡನೆ ಮಾತನಾಡಲು ಯಾವ ಸ್ಥಾನವೆಂಬುದನ್ನೂ ಹೇಳಿದ್ದಾನೆ. ಆದ್ದರಿಂದ ನಮ್ಮಲ್ಲಿ ಶಾಸ್ತ್ರವಿರಲಿಲ್ಲವೆನ್ನುವಂತಿಲ್ಲ. ಶಾಸ್ತ್ರಕ್ಕೂ ಶಾಲೆಗೂ ನಡುವೆ ಸೇತುವೆ ಕಟ್ಟುವವರು ಇರಲಿಲ್ಲವೆಂಬುದೇ ಕೊರತೆ.

೩

ಶಾಸ್ತ್ರವು ಓಲೆಯಲ್ಲಿದ್ದಾಗ ವಿದ್ಯೆಯು ಬಾಯಲ್ಲಿತ್ತು. ಯಕ್ಷಗಾನದ ಮೇಳವನ್ನು ತೆಗೆದುಕೊಳ್ಳಿ. ತೆಂಕುತಿಟ್ಟಿನಲ್ಲಿ ಹುಡುಗನು ಕೋಡಂಗಿ, ಬಾಲಗೋಪಾಲ ಮೊದಲಾದ ವೇಷಗಳಿಂದ ಆರಂಭಿಸಿ, ವರ್ಷಗಟ್ಟಲೆ ಹಿರಿಯರ ಮಾತನ್ನು ಕೇಳುತ್ತ ಕೇಳುತ್ತ ಕಲಾವಿದನಾಗುತ್ತಿದ್ದನು. ಬಯಲಿನಲ್ಲಿ, ಚೆಂಡೆಯ ಘೋಷದ ನಡುವೆ, ಧ್ವನಿವರ್ಧಕವಿಲ್ಲದ ಕಾಲದಲ್ಲಿ ಬೆಳಗಿನವರೆಗೆ ಹಾಡಿದ ಭಾಗವತರು ಉಸಿರಿನ ಮಿತವ್ಯಯವನ್ನು ಅರಿತವರೇ ಆಗಿರಬೇಕು. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಕುಳಿತಲ್ಲಿಯೇ ಅರ್ಥಧಾರಿಯು ಬರಿಯ ಮಾತಿನಿಂದ ಪುರಾಣಪುರುಷರನ್ನು ಎದ್ದು ನಿಲ್ಲಿಸಬೇಕು. ಕಾಸರಗೋಡಿನ ಕನ್ನಡ ನೆಲದಿಂದ ಬಂದ ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ಈ ಕಲೆಯಲ್ಲಿ ಪಡೆದ ಕೀರ್ತಿಯನ್ನು ಕರಾವಳಿಯ ವಾಚಕರಿಗೆ ಹೇಳಬೇಕಾಗಿಲ್ಲ. ಮೇಳದಲ್ಲಿ ಮಾತ್ರ ದೊರೆಯುತ್ತಿದ್ದ ಈ ಶಿಕ್ಷಣವನ್ನು ಶಾಲೆಗೆ ತರುವ ಪ್ರಯತ್ನಗಳೂ ನಡೆದಿವೆ. ಉಡುಪಿಯ ಯಕ್ಷಗಾನ ಕೇಂದ್ರವು ೧೯೭೧ರಲ್ಲಿಯೂ, ಗುಣವಂತೆಯ ಶ್ರೀಮಯ ಯಕ್ಷಗಾನ ರಂಗಶಿಕ್ಷಣ ಕೇಂದ್ರವು ೧೯೮೬ರಲ್ಲಿಯೂ ಆರಂಭವಾದುವು.

ಗಮಕವು ಎರಡನೆಯ ಪರಂಪರೆ. ಷಟ್ಪದಿಯ ಪದಚ್ಛೇದವನ್ನು ತಿಳಿದು, ಭಾವಕ್ಕೊಪ್ಪುವ ರಾಗವನ್ನು ಆರಿಸಿ, ಸಂಗೀತವು ಸಾಹಿತ್ಯವನ್ನು ನುಂಗದಂತೆ ವಾಚಿಸುವುದು ಗಮಕಿಯ ಧರ್ಮ. ಎಲ್ಲಿ ಉಸಿರು ತೆಗೆದುಕೊಂಡರೆ ಅರ್ಥವು ಮುರಿಯುವುದಿಲ್ಲವೆಂಬುದು ಅವನಿಗೆ ಗೊತ್ತು. ಕನ್ನಡ ಸಾಹಿತ್ಯ ಪರಿಷತ್ತು ಗಮಕ ತರಗತಿಗಳನ್ನು ನಡೆಸಿ, ಬಾಯಿಂದ ಬಾಯಿಗೆ ಬಂದ ಈ ಕಲೆಗೆ ಪಾಠಕ್ರಮದ ಚೌಕಟ್ಟನ್ನು ಒದಗಿಸಿತು. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ ೨೦೨೨ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದುದು ಈ ಪರಂಪರೆಗೆ ಸಂದ ಗೌರವವೇ.

ಮೂರನೆಯದು ವೃತ್ತಿನಾಟಕ ಕಂಪನಿಗಳ ಪರಂಪರೆ. ೧೮೮೪ರಲ್ಲಿ ಸ್ಥಾಪಿತವಾಗಿ, ಮುಂದೆ ಗುಬ್ಬಿ ವೀರಣ್ಣನವರ (೧೮೯೧–೧೯೭೨) ನೇತೃತ್ವದಲ್ಲಿ ನಾಡಿನಾದ್ಯಂತ ಸಂಚರಿಸಿದ ಗುಬ್ಬಿ ಕಂಪನಿ, ಎ. ವಿ. ವರದಾಚಾರ್ಯರ (೧೮೬೯–೧೯೨೬) ರತ್ನಾವಳಿ ನಾಟಕ ಸಭೆ ಮೊದಲಾದುವು ನಟನ ಶಾಲೆಗಳೂ ಆಗಿದ್ದುವು. ಹಾರ್ಮೋನಿಯಮ್ಮಿನ ಏರುಶ್ರುತಿಗೆ ಹೊಂದಿಕೊಂಡು ಹಾಡಿ, ಅದೇ ಉಸಿರಿನಲ್ಲಿ ಮಾತಿಗಿಳಿದು, ಕೊನೆಯ ಬೆಂಚಿನವನಿಗೂ ಅಕ್ಷರಾಕ್ಷರವನ್ನು ಮುಟ್ಟಿಸಬೇಕಾಗಿತ್ತು. ಚಿತ್ರನಟ ರಾಜಕುಮಾರರ ಸ್ಫುಟವಾದ ಉಚ್ಚಾರಣೆಯನ್ನು ಮೆಚ್ಚದ ಕನ್ನಡಿಗರು ವಿರಳ. ೧೯೫೪ರ 'ಬೇಡರ ಕಣ್ಣಪ್ಪ' ಚಿತ್ರಕ್ಕಿಂತ ಮೊದಲು ಅವರ ಅಭ್ಯಾಸ ನಡೆದುದು ಕಂಪನಿಯ ರಂಗದ ಮೇಲೆ ಎಂಬುದನ್ನು ನೆನೆಯಬೇಕು.

ಈ ಮೂರು ಪರಂಪರೆಗಳ ಶಿಕ್ಷಣದಲ್ಲಿ ಸಮಾನವಾದ ಒಂದು ಗುಣವುಂಟು, ಒಂದು ದೋಷವೂ ಉಂಟು. ಶಿಷ್ಯನು ಗುರುವಿನ ಜೊತೆಯಲ್ಲಿಯೇ ಬದುಕುತ್ತಿದ್ದುದರಿಂದ ವಿದ್ಯೆಯು ಕಿವಿಯ ಮೂಲಕ ಮೈಗೆ ಇಳಿಯುತ್ತಿತ್ತು; ಇದು ಗುಣ. ಗುರುವು ತಾನು ಮಾಡುವುದನ್ನು ತೋರಿಸುತ್ತಿದ್ದನೇ ಹೊರತು ಅದು ಹೇಗಾಗುತ್ತದೆಂಬುದನ್ನು ವಿವರಿಸಬೇಕಾದ ಸಂದರ್ಭವೇ ಬರುತ್ತಿರಲಿಲ್ಲ, ಅನುಕರಿಸಲಾರದ ಕಂಠವುಳ್ಳವನು ಹಿಂದುಳಿಯುತ್ತಿದ್ದನು, ಇದು ದೋಷ. ಗುರುವು ತೀರಿಕೊಂಡಾಗ ಕಂಠದೊಡನೆ ಬೋಧನೆಯೂ ಹೋಗುತ್ತಿತ್ತು.

೪

ಇಪ್ಪತ್ತನೆಯ ಶತಮಾನದಲ್ಲಿ ಈ ವ್ಯವಸ್ಥೆಯನ್ನು ಸಡಿಲಿಸಿದ ಕಾರಣಗಳು ಮುಖ್ಯವಾಗಿ ಮೂರು. ಮೊದಲನೆಯದು ವಿಲಾಸಿ ರಂಗಭೂಮಿ. ಟಿ. ಪಿ. ಕೈಲಾಸಂ (೧೮೮೪–೧೯೪೬) ಅವರು ಮನೆಯ ಒಳಾಂಗಣದ ಆಡುಮಾತನ್ನು ರಂಗಕ್ಕೆ ತಂದಾಗ ಕಂಪನಿಯ ಏರುದನಿಯು ಅಸಹಜವಾಗಿ ತೋರಿತು. ಸಹಜವಾಗಿ ಮಾತನಾಡುತ್ತಲೇ ದೂರಕ್ಕೆ ಕೇಳಿಸುವುದು ಕೂಗುವುದಕ್ಕಿಂತ ಕಠಿನವಾದ ವಿದ್ಯೆ; ಆದರೆ ಹಗಲೆಲ್ಲ ಕಚೇರಿಯಲ್ಲಿ ದುಡಿದು ಸಂಜೆ ಅಭ್ಯಾಸಕ್ಕೆ ಬರುವ ವಿಲಾಸಿ ನಟನಿಗೆ ಅದನ್ನು ಕಲಿಯಲು ಕಂಪನಿಯ ನಟನಿಗಿದ್ದ ಅವಕಾಶವಿರಲಿಲ್ಲ.

ಎರಡನೆಯದು ಮೈಕ್ರೊಫೋನು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರು. ಧಾರವಾಡದ ಕೇಂದ್ರವು ೧೯೫೦ರಲ್ಲಿಯೂ ಬೆಂಗಳೂರಿನದು ೧೯೫೫ರಲ್ಲಿಯೂ ಪ್ರಸಾರವನ್ನು ಆರಂಭಿಸಿದುವು. ಮೈಕಿನ ಮುಂದೆ ಗಟ್ಟಿತನಕ್ಕೆ ಬೆಲೆಯಿಲ್ಲ. ಉಚ್ಚಾರಣೆಯ ಸಣ್ಣ ದೋಷವೂ ಕೇಳಿಸುತ್ತದೆ. ಬಾನುಲಿಯು ಸ್ಫುಟತೆಯನ್ನು ಬೆಳೆಸಿತು. ಆದರೆ ಅದೇ ಮೈಕು ರಂಗದ ಮೇಲೂ ಬಯಲಾಟದ ರಂಗಸ್ಥಳಕ್ಕೂ ಬಂದಾಗ, ಉಸಿರಿನ ಸಾಧನೆಯು ಅನಾವಶ್ಯಕವೆಂಬ ಭ್ರಮೆಯು ಹಬ್ಬಿತು. ಯಂತ್ರವು ಸದ್ದನ್ನು ಹಿಗ್ಗಿಸಬಲ್ಲದು. ಉಸಿರಿಲ್ಲದೆ ನುಂಗಿಹೋದ 'ಇಲ್ಲ' ಎಂಬ ಮಾತನ್ನು ಹುಡುಕಿಕೊಡಲಾರದು.

ಮೂರನೆಯದು ರಂಗಶಾಲೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯು ೧೯೫೯ರಲ್ಲಿ ಸ್ಥಾಪಿತವಾಯಿತು. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಶಿಕ್ಷಣ ಪಡೆದ ಇಬ್ರಾಹಿಂ ಅಲ್ಕಾಜಿಯವರು ೧೯೬೨ರಿಂದ ೧೯೭೭ರವರೆಗೆ ಅದರ ನಿರ್ದೇಶಕರಾಗಿದ್ದರು. ಅವರ ಅನಂತರ ಆ ಸ್ಥಾನಕ್ಕೆ ಬಂದ ನಮ್ಮ ಬಿ. ವಿ. ಕಾರಂತರು ಬಾಲ್ಯದಲ್ಲಿ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಕಂಪನಿಯ ಕಂಠವೂ ಶಾಲೆಯ ಶಿಸ್ತೂ ಒಬ್ಬರಲ್ಲಿಯೇ ಕೂಡಿದ ಅಪೂರ್ವ ನಿದರ್ಶನ ಅವರದು. ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯು ಕೆ. ವಿ. ಸುಬ್ಬಣ್ಣನವರ ಮಾರ್ಗದರ್ಶನದಲ್ಲಿ ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಮೈಸೂರಿನ ರಂಗಾಯಣವು ೧೯೮೯ರಲ್ಲಿ ಕಾರಂತರ ನೇತೃತ್ವದಲ್ಲಿ ಆರಂಭವಾಯಿತು. ಈ ಸಂಸ್ಥೆಗಳ ಉಪಕಾರವನ್ನು ಎಷ್ಟು ಸ್ಮರಿಸಿದರೂ ಸಾಲದು. ಆದರೆ ಇವು ಹುಟ್ಟಿದುದು ನಟರನ್ನೂ ನಿರ್ದೇಶಕರನ್ನೂ ತಯಾರಿಸಲೆಂದು; ಧ್ವನಿಯ ಶಿಕ್ಷಕರನ್ನು ತಯಾರಿಸಲೆಂದಲ್ಲ. ಒಳ್ಳೆಯ ನಟನೆಲ್ಲ ಒಳ್ಳೆಯ ಧ್ವನಿಶಿಕ್ಷಕನಾಗುವನೆಂದು ಊಹಿಸುವುದು, ಆರೋಗ್ಯವಂತನೆಲ್ಲ ವೈದ್ಯನಾಗುವನೆಂದು ಊಹಿಸಿದಂತೆ.

೫

ಈ ಭೇದವನ್ನು ಸ್ಪಷ್ಟವಾಗಿ ಗುರುತಿಸಿದ ಒಂದು ಉದಾಹರಣೆಯನ್ನು ಪಶ್ಚಿಮದಿಂದ ತೆಗೆದುಕೊಳ್ಳಬಹುದು. ೧೯೦೬ರಲ್ಲಿ ಎಲ್ಸಿ ಫೋಗರ್ಟಿ ಎಂಬ ಮಹಿಳೆಯು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಸೆಂಟ್ರಲ್ ಸ್ಕೂಲ್ ಎಂಬ ವಾಕ್ ಮತ್ತು ನಾಟಕ ಶಾಲೆಯನ್ನು ಆರಂಭಿಸಿದಳು. ನಟರ ಶಿಕ್ಷಣದ ಜೊತೆಗೆ, ಮಾತನ್ನು ಕಲಿಸುವವರ ಶಿಕ್ಷಣವೂ ಮಾತಿನ ದೋಷಗಳ ಚಿಕಿತ್ಸೆಯ ಶಿಕ್ಷಣವೂ ಅಲ್ಲಿ ಒಂದೇ ಸೂರಿನಡಿಯಲ್ಲಿ ಬೆಳೆದುವು. ಆ ಶಾಲೆಯಲ್ಲಿ ಕಲಿತು ಅಲ್ಲಿಯೇ ಕಲಿಸಿದ ಸಿಸಿಲಿ ಬೆರ್ರಿಯು (೧೯೨೬–೨೦೧೮) ೧೯೬೯ರಲ್ಲಿ ರಾಯಲ್ ಷೇಕ್ಸ್‌ಪಿಯರ್ ಕಂಪನಿಯ ಧ್ವನಿನಿರ್ದೇಶಕಿಯಾದಳು. ನಟನ ಧ್ವನಿಯನ್ನು ಕುರಿತ ಅವಳ ಗ್ರಂಥವು ೧೯೭೩ರಲ್ಲಿ ಹೊರಬಂದಿತು. ಕ್ರಿಸ್ಟಿನ್ ಲಿಂಕ್ಲೇಟರಳ (೧೯೩೬–೨೦೨೦) ಗ್ರಂಥವು ೧೯೭೬ರಲ್ಲಿ ಪ್ರಕಟವಾಯಿತು. ದೇಹದ ಬಿಗಿತವನ್ನು ಸಡಿಲಿಸಿ ಸ್ವಾಭಾವಿಕ ಧ್ವನಿಗೆ ದಾರಿಮಾಡಿಕೊಡುವುದೇ ಶಿಕ್ಷಣವೆಂಬುದು ಅವಳ ಮತ. ಸೆಂಟ್ರಲ್ ಶಾಲೆಯಲ್ಲಿ ಧ್ವನಿಶಿಕ್ಷಣವು ಸ್ನಾತಕೋತ್ತರ ಪದವಿಯ ವಿಷಯವಾಗಿಯೂ ಬೆಳೆಯಿತು. ಅಂಥ ಶಿಕ್ಷಣದ ವೈಶಿಷ್ಟ್ಯವೇನೆಂದರೆ, ವಿದ್ಯಾರ್ಥಿಯು ತನ್ನ ಧ್ವನಿಯನ್ನು ತಿದ್ದಿಕೊಳ್ಳುವುದರಲ್ಲಿ ತೃಪ್ತನಾಗದೆ, ಇನ್ನೊಬ್ಬನ ಧ್ವನಿಯನ್ನು ಕೇಳಿ, ಅದರ ತೊಡಕೆಲ್ಲಿದೆಯೆಂದು ನಿರ್ಣಯಿಸಿ, ತಕ್ಕ ಅಭ್ಯಾಸವನ್ನು ಸೂಚಿಸಲು ಕಲಿಯಬೇಕು; ಹಾಗೆ ಕಲಿಸುವುದನ್ನು ಹಿರಿಯರ ಪರೀಕ್ಷೆಗೆ ಒಡ್ಡಬೇಕು.

ಆದರೆ ಈ ಪದ್ಧತಿಯನ್ನು ಇದ್ದಕ್ಕಿದ್ದಂತೆ ಇಲ್ಲಿಗೆ ತರುವುದು ಯುಕ್ತವಲ್ಲ. ಉಸಿರಿನ ಶಾಸ್ತ್ರವು ಎಲ್ಲರಿಗೂ ಒಂದೇ. ಭಾಷೆಯ ನಡೆ ಒಂದೇ ಅಲ್ಲ. ಇಂಗ್ಲಿಷಿನಲ್ಲಿ ಅರ್ಥವನ್ನು ಹೊರುವುದು ಮುಖ್ಯವಾಗಿ ಒತ್ತು, ಕನ್ನಡದಲ್ಲಿ ಮಾತ್ರೆ. ಬಳೆಗೂ ಬಾಳೆಗೂ, ಕತೆಗೂ ಕತ್ತೆಗೂ ಇರುವ ಭೇದವು ಕಾಲದ ಭೇದ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದ ನಮ್ಮ ವಿದ್ಯಾರ್ಥಿಗಳು ಮೊದಲಕ್ಷರವನ್ನು ಒತ್ತಿ ಉಳಿದುದನ್ನು ಮೊಟಕುಮಾಡುವುದರಿಂದಲೇ ಅವರ ಕನ್ನಡವು ಅಸ್ಪಷ್ಟವಾಗುತ್ತದೆ. ಮೇಲಾಗಿ, ಕನ್ನಡ ವಾಕ್ಯದ ಕ್ರಿಯಾಪದವು ಕೊನೆಗೆ ಬರುತ್ತದೆ. ನಿಷೇಧವೂ ಪ್ರಶ್ನೆಯೂ ಆ ಕ್ರಿಯಾಪದದ ಬಾಲದಲ್ಲಿರುತ್ತವೆ. ಬರುತ್ತಾನೆ, ಬರುತ್ತಾನೆಯೆ, ಬರುವುದಿಲ್ಲ ಎಂಬಲ್ಲಿ ಅರ್ಥವನ್ನು ನಿರ್ಣಯಿಸುವುದು ಕೊನೆಯ ಒಂದೆರಡು ಅಕ್ಷರಗಳು. ಉಸಿರು ಮುಗಿಯುವ ಕಡೆಯಲ್ಲಿಯೇ ಅರ್ಥವು ತೀರ್ಮಾನವಾಗುವ ಭಾಷೆ ನಮ್ಮದು. ಆದಕಾರಣ ಕನ್ನಡ ನಟನಿಗೆ ಉಸಿರನ್ನು ಕೊನೆಯವರೆಗೆ ಉಳಿಸಿಕೊಳ್ಳುವ ವಿದ್ಯೆಯು ಮೊದಲ ಪಾಠವಾಗಬೇಕು. ಗಮಕಿಗೂ ಅರ್ಥಧಾರಿಗೂ ಇದು ಅನುಭವದಿಂದ ತಿಳಿದಿದೆ. ಬೇರೆ ಭಾಷೆಯ ನಟರಿಗಾಗಿ ಬರೆದ ಪಠ್ಯಪುಸ್ತಕದಿಂದ ಇದನ್ನು ನಿರೀಕ್ಷಿಸಲಾಗದು.

೬

ಮಹದೇವಪುರದ ನೆರೆಹೊರೆಯು ಈ ದೃಷ್ಟಿಯಿಂದ ವಿಚಾರಾರ್ಹವಾದುದು. ೧೯೪೮ರಲ್ಲಿ ಇಲ್ಲಿಗೆ ಸಮೀಪದಲ್ಲಿಯೇ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದಾಗಿ ಒಂದು ಬಡಾವಣೆಗೆ 'ದೂರವಾಣಿನಗರ'ವೆಂಬ ಹೆಸರೇ ಬಂದಿತು. ದೇಶದ ಧ್ವನಿಯನ್ನು ತಂತಿಯ ಮೇಲೆ ಸಾಗಿಸುವ ಉಪಕರಣಗಳು ಅಲ್ಲಿ ತಯಾರಾದುವು. ಬೆಂಗಳೂರಿನ ಇಂಥ ಸಾರ್ವಜನಿಕ ಉದ್ದಿಮೆಗಳ ಕನ್ನಡ ಸಂಘಗಳು ಹವ್ಯಾಸಿ ನಾಟಕಗಳಿಗೆ ಆಶ್ರಯವಾದುವು. ಐವತ್ತು ವರ್ಷಗಳ ತರುವಾಯ ವೈಟ್‌ಫೀಲ್ಡಿನ ಸುತ್ತ ಮಾಹಿತಿ ತಂತ್ರಜ್ಞಾನದ ಕಚೇರಿಗಳೆದ್ದಾಗ, ದೂರದೇಶದ ಗ್ರಾಹಕರೊಡನೆ ಮಾತನಾಡುವ ಕಾಲ್‌ಸೆಂಟರುಗಳ ಉದ್ಯೋಗವು ನಗರದಲ್ಲಿ ಬೆಳೆಯಿತು. ಉಚ್ಚಾರಣೆಯನ್ನು ತಿದ್ದುವ ತರಬೇತುದಾರರಿಗೆ ಸಂಬಳ ದೊರೆಯಿತು. ವೈಟ್‌ಫೀಲ್ಡಿನಲ್ಲಿಯೇ ೨೦೧೧ರಲ್ಲಿ ಜಾಗೃತಿ ರಂಗಮಂದಿರವೂ ತೆರೆಯಿತು. ಹೀಗೆ ಧ್ವನಿಯ ಶಿಕ್ಷಣಕ್ಕೆ ಬೆಲೆಯುಂಟೆಂಬುದನ್ನು ವ್ಯಾಪಾರವು ಬಲ್ಲದು. ಆದರೆ ಅದು ಬೇಡುವುದು ಗ್ರಾಹಕನಿಗೆ ಪರಿಚಿತವಾದ ಒಂದೇ ಬಗೆಯ ಉಚ್ಚಾರಣೆಯನ್ನು. ಮನೆಯಲ್ಲಿ ತೆಲುಗನ್ನೋ ತಮಿಳನ್ನೋ ಆಡಿ, ತರಗತಿಯಲ್ಲಿ ಇಂಗ್ಲಿಷನ್ನು ಕೇಳಿ, ರಂಗದ ಮೇಲೆ ಕನ್ನಡವನ್ನು ನುಡಿಯುವ ನಮ್ಮ ವಿದ್ಯಾರ್ಥಿಗೆ ಬೇಕಾದುದು ಸ್ವಂತ ಕಂಠವನ್ನು ಅಳಿಸುವ ಶಿಕ್ಷಣವಲ್ಲ, ಬೆಳೆಸುವ ಶಿಕ್ಷಣ.

ಇಂಥ ಶಿಕ್ಷಣವನ್ನು ಕೊಡಬಲ್ಲವರನ್ನು ತಯಾರಿಸುವ ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗವೊಂದು ನಮ್ಮಲ್ಲಿ ಏರ್ಪಟ್ಟರೆ, ಅದರಲ್ಲಿ ಈ ಕೆಳಗಿನ ಅಂಗಗಳು ಇರತಕ್ಕವೆಂದು ತೋರುತ್ತದೆ. ಒಂದು, ಧ್ವನಿಯ ಶಾರೀರವಿಜ್ಞಾನ ಮತ್ತು ಕಂಠರಕ್ಷಣೆ. ಇದಕ್ಕೆ ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ನೆರೆಯು ನಮಗಿರುವುದು ಭಾಗ್ಯ. ಎರಡು, ಕನ್ನಡದ ಧ್ವನಿವಿಜ್ಞಾನ ಮತ್ತು ಧಾರವಾಡ, ಕಲಬುರಗಿ, ಕುಂದಾಪುರ, ಮೈಸೂರು ಮೊದಲಾದ ಪ್ರಾಂತಗಳ ಆಡುನುಡಿಗಳ ಪರಿಚಯ. ಮೂರು, ಚಂಪೂ, ವಚನ, ಷಟ್ಪದಿ, ಕಂಪನಿ ನಾಟಕ, ಹೊಸ ನಾಟಕಗಳ ವಾಚನ. ನಾಲ್ಕು, ಒಬ್ಬ ಗಮಕಿಯ, ಭಾಗವತರ ಅಥವಾ ಅರ್ಥಧಾರಿಯ ಬಳಿ ಕೆಲವು ತಿಂಗಳ ಶಿಷ್ಯವೃತ್ತಿ. ಅಲ್ಲಿ ಕೇಳಿದುದನ್ನು ಧ್ವನಿಮುದ್ರಿಸಿ ವಿವರಿಸುವ ಪ್ರಬಂಧ. ಐದು, ಎಲ್ಲಕ್ಕಿಂತ ಮುಖ್ಯವಾಗಿ, ಕಾಲೇಜಿನ ನಾಟಕ ತಂಡವೊಂದಕ್ಕೆ ಒಂದು ವರ್ಷಕಾಲ ಪಾಠ ಹೇಳುವ ಅಭ್ಯಾಸ. ಇದರ ಫಲವು ನಟರಿಗೆ ಮಾತ್ರ ಸೀಮಿತವಾಗದು. ದಿನಕ್ಕೆ ನಾಲ್ಕು ಗಂಟೆ ಪಾಠ ಹೇಳುವ ಅಧ್ಯಾಪಕನೂ ಕಂಠದಿಂದಲೇ ಜೀವಿಸುವವನು, ಬಿ.ಎಡ್. ತರಗತಿಗಳಿಗೂ ಇಂಥ ಶಿಕ್ಷಕರು ಬೇಕು.

ಇದಕ್ಕೆ ಒಂದು ಆಕ್ಷೇಪವುಂಟು. ಕಂಠವು ದೈವದತ್ತವಾದುದು, ಕಲಿಸಿ ಬರುವಂಥದಲ್ಲ ಎಂಬುದೇ ಅದು. ಇದಕ್ಕೆ ಉತ್ತರವಾಗಿ ಗಂಗೂಬಾಯಿ ಹಾನಗಲ್ಲರನ್ನು (೧೯೧೩–೨೦೦೯) ನೆನೆಯಬಹುದು. ಗಂಟಲಿನ ಚಿಕಿತ್ಸೆಯೊಂದರ ತರುವಾಯ ಅವರ ಕಂಠವು ಬದಲಾಗಿ ಗಡಸಾಯಿತು. ದತ್ತವಾದುದು ಹೋಯಿತು, ಸಾಧನೆಯು ಉಳಿಯಿತು. ಆ ಗಡಸು ಕಂಠದಿಂದಲೇ ಅವರು ಕಿರಾಣಾ ಘರಾಣೆಯ ಅಗ್ರಗಣ್ಯ ಗಾಯಕಿಯರಲ್ಲಿ ಒಬ್ಬರಾದರು. ಮೈಸೂರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗಾಗಿ ಸ್ಥಾಪಿತವಾಗಿರುವ ವಿಶ್ವವಿದ್ಯಾನಿಲಯವು ಅವರ ಹೆಸರನ್ನೇ ಧರಿಸಿದೆ.

ಚರಿತ್ರೆಯ ವಿದ್ಯಾರ್ಥಿಗೆ ಶಾಸನವೂ ಓಲೆಯೂ ಸಿಕ್ಕುತ್ತವೆ. ವರದಾಚಾರ್ಯರು ಮಾತನಾಡುತ್ತಿದ್ದಾಗ ಉಸಿರನ್ನು ಎಲ್ಲಿ ತೆಗೆದುಕೊಳ್ಳುತ್ತಿದ್ದರೆಂಬುದು ಸಿಕ್ಕುವುದಿಲ್ಲ. ಅದನ್ನು ಬಲ್ಲ ಶಿಷ್ಯರೂ ಹೋದರು. ಇಂದು ನಮ್ಮ ನಡುವೆ ಇರುವ ಹಿರಿಯ ಗಮಕಿಗಳ, ಭಾಗವತರ, ಕಂಪನಿ ನಟರ ವಿಷಯದಲ್ಲಿಯೂ ಹಾಗಾಗಬಾರದೆಂದಿದ್ದರೆ, ಅವರಿಂದ ಕಲಿತು ಇತರರಿಗೆ ಕಲಿಸುವವರು ಈಗಲೇ ಸಿದ್ಧರಾಗಬೇಕು. ನಮ್ಮ ರಾಜನ ಪಾತ್ರಧಾರಿಯು ಒಂದು ವಾರ ಮೌನವಾಗಿದ್ದು ಚೇತರಿಸಿಕೊಂಡನು. ಪ್ರದರ್ಶನದ ದಿನ ಅವನ 'ಇಲ್ಲ' ಹಿಂದಿನ ಸಾಲಿಗೆ ಕೇಳಿಸಿತು. ಆದರೆ ಅದಕ್ಕಾಗಿ ನಾವು ಮಾಡಿದ ಉಪಾಯವೆಂದರೆ ಸಭಾಂಗಣದ ಕಿಟಕಿಗಳನ್ನು ಮುಚ್ಚಿದುದು. ಅವನಿಗೆ ಕಲಿಸಿದುದೇನೂ ಇರಲಿಲ್ಲ.